ಸಾಧುವಾದ ತುಂಟಿ

ದಾನ ಕೊಟ್ಟ ಹಸುವಿನ ಹಲ್ಲು ಎಣಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಂಪ್ಯೂಟರಿನಲ್ಲಿ ಹಳೆಯ ಕಾಲದ ಯುದ್ಧವಿಮಾನಗಳನ್ನು ಹಾರಿಸುವ ಆಟವೊಂದಿದೆ. ಆಟ ಮಾಡಿದ ಕಂಪನಿ ಕೊಟ್ಟದ್ದು ಕೆಲವೇ ವಿಮಾನಗಳು. ಉಳಿದವನ್ನು ನಮ್ಮಂಥ ಮರುಳರು ಮನೆಯಲ್ಲೇ ಕೂತು ಮಾಡಿ, ಬೇಕಾದವರು ಇಳಿಸಿಕೊಳ್ಳಲಿ ಎಂದು ಪುಕ್ಕಟೆ ಹಾಕುತ್ತೇವೆ. ಮಾಡ್ ಎನ್ನುತ್ತಾರೆ ಅದಕ್ಕೆ. ಹೀಗೆ ಕಣ್ಣು ಕೆಡಿಸಿಕೊಂಡು ಮಾಡಿ ಕೊಟ್ಟದ್ದಕ್ಕೆ, ಎಡಗಡೆಯ ಚಕ್ರದ ಬಣ್ಣ ತುಸು ಗಾಢವಾಯಿತಲ್ಲ ಎಂದು ಬರೆಯುವ ಪುಣ್ಯಾತ್ಮರೂ ಇದ್ದಾರೆ. ಅಂಥವರಿಗೆ ಉತ್ತರ ಕೊಡುವ ಕೆಲಸ ನನ್ನದು. ಅಣ್ಣನಿಗೆ ಬೇಗ ಬೇಜಾರಾಗುತ್ತದೆ, ನನಗೆ ಬೇಗ ಸಿಟ್ಟು ಬರುತ್ತದೆ. ಜಗಳಕ್ಕೆ ಸಿಟ್ಟಿನವರೇ ವಾಸಿ.

ಅಣ್ಣ ತಕ್ಕಡಿ ರಿಪೇರಿ ಮಾಡುವವನು. ನಾನು ಅಂಗಡಿಗಳಿಗೆ ಬೋರ್ಡು ಬರೆಯುವವಳು. ಅವನ ಮನೆಯ ಮಹಡಿಯಲ್ಲಿ ನನ್ನ ಕೋಣೆ, ಕೆಳಗೆ ಅವನೂ ಅತ್ತಿಗೆಯೂ. ಊಟದ ಕೋಣೆಯ ಮೂಲೆಯಲ್ಲಿ ಕಂಪ್ಯೂಟರು. ವಿಮಾನಕ್ಕೆ ಮೈಬಣ್ಣ ಹಚ್ಚುವುದು ನನ್ನ ಪಾಲು, ಅದು ಹೇಗೆ ಹಾರಬೇಕೆಂದು ಅಂಕಿಗಳಲ್ಲಿ ಬರೆದಿಡುವುದು ಅವನ ಪಾಲು. ಇಬ್ಬರೂ ವಿಮಾನ ಹತ್ತಿದವರಲ್ಲ.

ನಾವು ಮಾಡಿದವುಗಳಲ್ಲೆಲ್ಲ ಜನಕ್ಕೆ ಅಚ್ಚುಮೆಚ್ಚಾದದ್ದು ಒಂಟಿ ಸೀಟಿನ, ಎರಡು ಅಂತಸ್ತಿನ ರೆಕ್ಕೆಯ ಒಂದು ಪುಟ್ಟ ವಿಮಾನ. ನಮ್ಮ ಮನೆಯಲ್ಲಿ ಅದರ ಹೆಸರು ತುಂಟಿ. ಅದರ ಎಂಜಿನ್ನಿಗೆ ಹರಳೆಣ್ಣೆಯೇ ಆಗಬೇಕು. ಆ ಎಣ್ಣೆಯ ಹೊಗೆ ಕುಡಿದ ಪೈಲಟ್ಟುಗಳು ಶತ್ರುವಿಗಿಂತ ಹೆಚ್ಚಾಗಿ ತಮ್ಮ ಹೊಟ್ಟೆಗೇ ಹೆದರುತ್ತಿದ್ದರು ಎಂದು ಅಣ್ಣ ನಗಿಸುತ್ತಿದ್ದ. ಅದರ ಹೊಟ್ಟೆಯ ಕೆಳಗಿನ ಎಣ್ಣೆ ಕಲೆಗಳನ್ನು ನಾನು ಒಂದೊಂದಾಗಿ ಬರೆದೆ. ಆದರೆ ತುಂಟಿಯ ಜೀವ ಇದ್ದದ್ದು ಅಣ್ಣನ ಅಂಕಿಗಳಲ್ಲಿ. ಎಂಜಿನ್ನೇ ಗಿರಗಿರ ತಿರುಗುವ ಜಾತಿ ಅದು, ಸದಾ ಒಂದು ಕಡೆಗೆ ಎಳೆಯುತ್ತದೆ. ಹಾರಿಸಲೆಂದು ಕಂಪ್ಯೂಟರಿಗೆ ಸಿಕ್ಕಿಸಿದ ಹಿಡಿಕೆಯನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು, ಮೂಗು ತಿರುಗಿಸುತ್ತದೆ. ಆ ಕಾಲದಲ್ಲಿ ಎಷ್ಟೋ ಹುಡುಗರು ಯುದ್ಧದ ಮುಖ ನೋಡುವ ಮೊದಲೇ, ಕಲಿಯುವಾಗಲೇ, ಅದರಿಂದ ಬಿದ್ದು ಸತ್ತರು. ತುಂಬ ಕಷ್ಟ, ಸ್ವಲ್ಪ ಸುಲಭ ಮಾಡಿ ಎಂದು ಯಾರೋ ಕೇಳಿದಾಗ ಅಣ್ಣ ಒಪ್ಪಲಿಲ್ಲ.

"ಇದನ್ನ ಸಾಧು ಮಾಡಿದ್ರೆ ಸತ್ತ ಆ ಹುಡುಗರೇ ದಡ್ಡರು ಅಂದ ಹಾಗಾಗುತ್ತೆ, ಪುಟ್ಟಿ," ಎಂದಿದ್ದ ನನಗೆ. "ಅವರು ದಡ್ಡರಲ್ಲ. ಇದು ಇದ್ದಿದ್ದೇ ಹಾಗೆ."

ಅಂಥವನು ಹೋದ ವರ್ಷ ತಾನಾಗಿಯೇ ತುಂಟಿಯನ್ನು ತಿದ್ದಲು ಕೂತ. ಮೊದಲು ಮಾಡಿದಾಗ ಎಲ್ಲೋ ಲೆಕ್ಕ ತಪ್ಪಿದೆ, ವಿಮಾನ ಇಷ್ಟು ನಡುಗುವುದಕ್ಕೆ ಸಾಧ್ಯವಿಲ್ಲ ಎಂದ. ಹಿಡಿಕೆ ನಡುವಿನಿಂದ ಇಷ್ಟು ದೂರ ಸರಿಯುವ ತನಕ ವಿಮಾನಕ್ಕೆ ಅದು ತಿಳಿಯಲೇಬಾರದು ಎಂದು ಅಂಕಿ ಬದಲಿಸಿದ. ಒಂದೆರಡು ತಿಂಗಳಿಗೆ ಮತ್ತಷ್ಟು, ಆಮೇಲೆ ಇನ್ನಷ್ಟು. ಪ್ರತಿ ಸಲವೂ ಹಾರಿಸಿ ನೋಡಿ, ಈಗ ಹದಕ್ಕೆ ಬಂತು ಎಂದು ಖುಷಿಪಡುತ್ತಿದ್ದ. ಅವನು ಖುಷಿಯಾಗಿದ್ದರೆ ಮನೆಯೇ ಖುಷಿ. ನಾನು ಹೊಸ ಅಂಕಿಗಳನ್ನು ಎಲ್ಲರಿಗೂ ಹಾಕುತ್ತಾ ಹೋದೆ.

ದೇಶವಿದೇಶಗಳಿಂದ ದೂರುಗಳು ಶುರುವಾದವು. ತುಂಟಿ ಕೆರೆಗಿಳಿದ ಎಮ್ಮೆಯಾಗಿದೆ ಎಂದು ಒಬ್ಬ ಬರೆದ. ಇದನ್ನು ಮಾಡಿದವರು ಬೇರೆ ಯಾರೋ ಇರಬೇಕು ಎಂದು, ವರ್ಷಗಟ್ಟಲೆ ನಮ್ಮನ್ನು ಹೊಗಳುತ್ತಾ ಬಂದಿದ್ದ ಇನ್ನೊಬ್ಬ. ನಾನು ಬಿಡುತ್ತೇನೆಯೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಅವರ ಭಾಷೆಗೆ ಹೇಗೋ ತಿರುಗಿಸಿ ಎಲ್ಲರ ಮುಖಕ್ಕೂ ಎಸೆದೆ. ಅಣ್ಣನಿಗೆ ಮಾತ್ರ ಇದು ತಾಗಿತ್ತು. ಊಟಕ್ಕೆ ಕೂತಾಗಲೂ, ಅವರಿಗೆ ಯಾಕೆ ಗೊತ್ತಾಗುತ್ತಿಲ್ಲ ಎಂದು ಕೇಳುತ್ತಿದ್ದ. ಅಂಗಡಿಯಲ್ಲಿ ಅವನ ಮಾತಿಗೆ ಬೆಲೆ ಕಡಿಮೆಯಾಗಿತ್ತು. ಎಲೆಕ್ಟ್ರಾನಿಕ್ ತಕ್ಕಡಿ ಕೆಟ್ಟರೆ ಜನ ಎಸೆದು ಹೊಸದು ತರುತ್ತಾರೆ. ಕಾಣದ ಊರುಗಳ ಜನ ಅವನ ಮಾತು ಕೇಳುತ್ತಿದ್ದದ್ದು ಈ ಒಂದು ವಿಷಯದಲ್ಲಿ. ಅದೂ ಕೈತಪ್ಪಿದರೆ ಅಣ್ಣ ಕುಗ್ಗಿಹೋಗುತ್ತಾನೆ ಎಂದು ನನಗೆ ಹೆದರಿಕೆಯಾಯಿತು.

ರಜೆಯ ದಿನ ಮಧ್ಯಾಹ್ನ ಹಿಡಿಕೆಯ ವೈರು ಬದಲಿಸಿದೆವು. ಸರಿಯಾಗಿ ಕೂತಿದೆಯೇ ಎಂದು ನೋಡಲು ಕಂಪ್ಯೂಟರಿನಲ್ಲಿ ಒಂದು ಪರದೆ ಇದೆ. ಚೌಕದ ನಡುವೆ ಒಂದು ಚುಕ್ಕಿ, ಹಿಡಿಕೆ ಎತ್ತ ಹೋದರೆ ಚುಕ್ಕಿಯೂ ಅತ್ತ. ಹಿಡಿದುಕೊಂಡು ಅಲ್ಲಾಡಿಸದೆ ಕೂರು ಎಂದೆ. ಅಣ್ಣ ಹಿಡಿದ. ಚುಕ್ಕಿ ನಡುಗುತ್ತಿತ್ತು, ಒಂದೇ ಸಮ.

ವೈರು ಸಡಿಲ ಇರಬೇಕು ಎಂದು ಮತ್ತೆ ಒತ್ತಿ ಕೂರಿಸಿದೆ. ಆಗಲೂ ನಡುಗಿತು. ಹೊಸ ವೈರೂ ಕಳಪೆ, ಅಂಗಡಿಯವನು ಟೋಪಿ ಹಾಕಿದ ಎಂದು ಬೈಯತೊಡಗಿದೆ.

"ನೀನು ಹಿಡಿ," ಎಂದ ಅಣ್ಣ.

ಹಿಡಿದೆ. ಚುಕ್ಕಿ ನಿಂತಿತು.

ನನಗೆ ಕೈ ತೆಗೆಯಲು ಧೈರ್ಯವಾಗಲಿಲ್ಲ. ಅಣ್ಣ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ. ಹೆಬ್ಬೆರಳು ತನ್ನಷ್ಟಕ್ಕೆ ಆಡುತ್ತಿತ್ತು. ಅದೇ ಹೊತ್ತಿಗೆ ಅತ್ತಿಗೆ ಟೀ ತಂದಿಟ್ಟರು, ನನ್ನ ಲೋಟದ ತುಂಬ, ಅವನ ಲೋಟದಲ್ಲಿ ಅರ್ಧ. ಅವನು ಎರಡೂ ಲೋಟ ನೋಡಿದ, ಆಮೇಲೆ ಅತ್ತಿಗೆಯ ಮುಖ ನೋಡಿದ.

"ಯಾವಾಗಿಂದ ಅರ್ಧ ಕೊಡ್ತಿದೀಯ ನಂಗೆ?"

ಅತ್ತಿಗೆ ಸೆರಗಿನ ತುದಿ ಹಿಡಿದು ನಿಂತರು. "ಚೆಲ್ಲಿದ್ರೆ ನಿಮಗೆ ಬೇಜಾರಾಗುತ್ತಲ್ಲ," ಎಂದರು.

ಅಣ್ಣನ ಅಂಗಡಿಗೆ ಬಂದು ತಕ್ಕಡಿ ಸರಿಯಿಲ್ಲ ಎಂದು ಯಾರು ಹೇಳಿದರೂ, ಮೊದಲು ಅದನ್ನು ಇಟ್ಟ ಮೇಜು ಮಟ್ಟವಾಗಿದೆಯೇ ನೋಡಿ ಎನ್ನುವವನು ಅವನು. ಈಗ ಮೆಲ್ಲಗೆ, "ಮೇಜೇ ಅಲ್ಲಾಡ್ತಿತ್ತು. ನಾನು ತಕ್ಕಡಿ ತಿದ್ತಾ ಕೂತೆ," ಎಂದ.

ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಮಾತ್ರೆಯಿಂದ ನಡುಕ ಸ್ವಲ್ಪ ತಗ್ಗೀತು, ಹಳೆಯ ಕೈ ಮಾತ್ರ ವಾಪಸು ಬರುವುದಿಲ್ಲ ಎಂದರು. ಮನೆಗೆ ಬಂದವನೇ ಅಣ್ಣ ಕೇಳಿದ್ದು ತುಂಟಿಯ ಹಳೆಯ ಅಂಕಿಗಳು ಇವೆಯೇ ಎಂದು. ಇದ್ದವು. ಅವನ್ನೇ ಹಾಕಿಬಿಡೋಣ, ಯಾರಿಗೂ ಏನೂ ಹೇಳುವುದು ಬೇಡ ಎಂದೆ. ಅವನು ಕೇಳಲಿಲ್ಲ. ಕಳೆದ ವರ್ಷ ತಿದ್ದಿದ್ದೆಲ್ಲ ತಪ್ಪು, ವಿಮಾನದಲ್ಲಿ ದೋಷವಿರಲಿಲ್ಲ, ದೋಷ ನನ್ನ ಕೈಯಲ್ಲಿತ್ತು, ಕ್ಷಮಿಸಿ ಎಂದು ಬರೆ ಎಂದ. ಎಲ್ಲರ ಜೊತೆ ಜಗಳವಾಡಿದ ನಾನೇ ಅದನ್ನು ಬರೆಯಬೇಕಾಯಿತು. ಬರೆಯುವಾಗ ಅಳು ತಡೆಯಲಾಗಲಿಲ್ಲ.

ಹಾಕುವ ಮೊದಲು ಒಮ್ಮೆ ಹಾರಿಸಿ ನೋಡಬೇಕಲ್ಲ. ಅವನು ನನ್ನನ್ನು ಕೂರಿಸಿದ. ನಾನು ಬಣ್ಣ ಬಳಿಯುವವಳು, ಹಾರಿಸುವುದು ನನಗೆ ಎಲ್ಲಿ ಬರಬೇಕು? ನೆಲ ಬಿಡುವ ಮೊದಲೇ ಮೂರು ಸಲ ಮಗುಚಿದೆ. ಅಣ್ಣ ಹಿಂದೆ ನಿಂತು, ಹಿಡಿಕೆಯನ್ನು ಸೌಟಿನ ಹಾಗೆ ಹಿಡಿಯಬೇಡ ಎಂದು ರೇಗಿಸಿದ. ಅಂತೂ ಒಮ್ಮೆ ಮೇಲೆದ್ದೆ. ತುಂಟಿ ಮೂಗು ತಿರುಗಿಸಿ ನನ್ನನ್ನು ಎಳೆದಾಡಿತು. ಅವನು ಪರದೆಗೆ ಬಗ್ಗಿ, "ಹಾ, ಹೀಗೆ. ಇದೇ ಅವಳು," ಎಂದ. ಆ ದಿನವೇ ಹಾಕಿದೆವು. ಅಣ್ಣನ ಆರೋಗ್ಯ ವಿಚಾರಿಸಿ ಎಷ್ಟೋ ಜನ ಬರೆದರು. ಎಮ್ಮೆ ಎಂದಿದ್ದವನೂ ಬರೆದ.

ಹಳೆಯ ತುಂಟಿಯನ್ನು ಅಣ್ಣ ಒಬ್ಬನೇ ಹಾರಿಸಲು ನೋಡಿದ. ಆಗಲಿಲ್ಲ. ಓಡುವಾಗಲೇ ರೆಕ್ಕೆ ನೆಲಕ್ಕೆ ಬಡಿಯಿತು, ಮರುದಿನವೂ ಬಡಿಯಿತು. ನಮ್ಮ ಕಂಪ್ಯೂಟರಿನಲ್ಲಷ್ಟೇ ಹಿಡಿಕೆಯನ್ನು ಮೆದು ಮಾಡಿಕೊಡುತ್ತೇನೆ, ಹೊರಗಿನವರಿಗೆ ಅದರಿಂದ ಏನೂ ಆಗುವುದಿಲ್ಲ, ಎಲ್ಲರೂ ಅವರವರ ಕೈಗೆ ತಕ್ಕಂತೆ ಮಾಡಿಕೊಳ್ಳುತ್ತಾರೆ ಎಂದು ಬೇಡಿಕೊಂಡೆ. ಬೇಡ ಎಂದ. ಅವಳನ್ನು ಒಮ್ಮೆ ಕೆಡಿಸಿದ್ದು ಸಾಕಂತೆ.

ಈಗಲೂ ಸಂಜೆ ಅಂಗಡಿಯಿಂದ ಬಂದು ಕೈಕಾಲು ತೊಳೆದು ಕಂಪ್ಯೂಟರಿನ ಮುಂದೆ ಕೂರುತ್ತಾನೆ. ತುಂಟಿಯನ್ನು ಮೈದಾನದ ತುದಿಗೆ ತಂದು ಎಂಜಿನ್ ಹಚ್ಚುತ್ತಾನೆ. ಮುಂದೆ ಹೋಗುವುದಿಲ್ಲ. ಸ್ವಲ್ಪ ಹೊತ್ತು ಸದ್ದು ಕೇಳಿ ಆರಿಸುತ್ತಾನೆ. ಒಂದು ದಿನ ತಡೆಯಲಾಗದೆ, ಯಾಕೆ ಅಣ್ಣ, ಏರಿಸುವುದಿಲ್ಲವೇ ಎಂದು ಕೇಳಿಬಿಟ್ಟೆ.

"ಇವತ್ತು ಗಾಳಿ ಜಾಸ್ತಿ, ಪುಟ್ಟಿ," ಎಂದ, ನನ್ನ ಕಡೆ ನೋಡದೆ.

ಆಟದಲ್ಲಿ ಗಾಳಿ ನಾವು ಇಟ್ಟಷ್ಟೇ. ಅವನು ಎದ್ದು ಹೋದ ಮೇಲೆ ನೋಡಿದೆ, ಸೊನ್ನೆ ಇತ್ತು. ಮರುದಿನ ಅವನು ಅಂಗಡಿಯಿಂದ ಬರುವ ಮೊದಲೇ ಕೆಳಗಿಳಿದು ಹೋಗಿ, ಹುಲ್ಲೆಲ್ಲ ನೆಲಕ್ಕೆ ಬಾಗುವಷ್ಟು ಗಾಳಿ ಇಟ್ಟು ಬಂದೆ.