ಎದ್ದು ನಿಲ್ಲಿ

ಬೆಂಚಿನ ಮೇಲೆ ಬಂದು ಕೂತವಳು ತನ್ನ ಅಮ್ಮ ಎಂದು ಗೊತ್ತಾದಾಗ ಅವನು ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಹಿಡಿದಿದ್ದ. ಅರ್ಧ ಬಿಸ್ಕತ್ತು ಲೋಟದ ತಳ ಸೇರಿತು.

ಚರ್ಚಿನ ಸಭೆಯವರು ನಡೆಸುವ ವಿಧವೆಯರ ಮನೆಗೆ ಯಾರನ್ನು ಸೇರಿಸಿಕೊಳ್ಳಬೇಕು ಎಂದು ತೀರ್ಮಾನಿಸುವ ಸಮಿತಿ ಅದು. ನಡುವೆ ಪಾದ್ರಿಗಳು, ಅವರ ಪಕ್ಕ ಔಷಧಿ ಅಂಗಡಿಯವರು, ಆಮೇಲೆ ದರ್ಜಿ ಅಕ್ಕ. ತುದಿಯಲ್ಲಿ ಅವನು: ದೈವಶಾಸ್ತ್ರ ಕಾಲೇಜಿನ ಮೇಷ್ಟ್ರು, ಬೈಬಲಿನಲ್ಲಿರುವ ಪೌಲನ ಪತ್ರಗಳನ್ನು ಅರೆದು ಕುಡಿದವನು.

ವಿಧವೆಗೆ ಮಕ್ಕಳೋ ಮೊಮ್ಮಕ್ಕಳೋ ಇದ್ದರೆ ಅವರೇ ನೋಡಿಕೊಳ್ಳಲಿ, ಸಭೆಯ ಮೇಲೆ ಭಾರ ಬೀಳದಿರಲಿ, ದಿಕ್ಕಿಲ್ಲದವಳನ್ನು ಮಾತ್ರ ಸಭೆ ಸಾಕಲಿ ಎಂದು ಪೌಲನು ತಿಮೊಥೆಯನಿಗೆ ಬರೆದಿದ್ದಾನಲ್ಲ, ಅದನ್ನು ಇಲ್ಲಿ ಜಾರಿಗೆ ತಂದವನೇ ಅವನು. ಮೊದಲೆಲ್ಲ ಕಣ್ಣೀರು ಹಾಕಿದವರಿಗೆ ಮಂಚ ಸಿಗುತ್ತಿತ್ತು. ಈಗ ಪಾದ್ರಿಗಳು, ಚರ್ಚಿನಲ್ಲಿ ಮದುವೆಗೆ ಮುಂಚೆ ಪ್ರಕಟಣೆ ಓದುವ ಹಾಗೆ, ಮೂರು ಸಲ ಕೂಗುತ್ತಾರೆ: "ಈ ತಾಯಿಗೆ ತನ್ನವರು ಅಂತ ಯಾರಾದರೂ ಇದ್ದರೆ ಎದ್ದು ನಿಲ್ಲಿ." ಎದ್ದವರು ಅವಳನ್ನು ಮನೆಗೆ ಕರೆದುಕೊಂಡು ಹೋಗಬೇಕು. ಬೇರೆಯವರು ಬೆರಳು ಮಾಡಿ ತೋರಿಸುವಂತಿಲ್ಲ, ಹೊಣೆಯನ್ನು ತಾನಾಗಿಯೇ ಒಪ್ಪಬೇಕು ಎಂಬುದನ್ನೂ ಅವನೇ ಸೇರಿಸಿದ್ದ. ಆ ಮಾತಿನ ಬಗ್ಗೆ ಅವನಿಗೆ ಒಳಗೊಳಗೇ ಜಂಭವಿತ್ತು.

ಇವಳು ಯಾರ ಅಮ್ಮ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಔಷಧಿ ಅಂಗಡಿಯವರೇ ಅವಳ ರಕ್ತದೊತ್ತಡದ ಮಾತ್ರೆ ಕಳಿಸುವವರು. ದರ್ಜಿ ಅಕ್ಕ ಮೊನ್ನೆ ತಾನೆ ಅವಳ ರವಿಕೆಗೆ ಒಳಗಡೆ ಒಂದು ಕಿಸೆ ಹೊಲಿದುಕೊಟ್ಟಿದ್ದಳು. ಇಬ್ಬರೂ ಈಗ ಫ್ಯಾನನ್ನು ಜೀವಮಾನದಲ್ಲಿ ಕಂಡೇ ಇಲ್ಲದವರಂತೆ ನೋಡುತ್ತಿದ್ದರು.

"ಅಮ್ಮಾ, ನಿಮಗೆ... ಮನೇಲಿ..." ಪಾದ್ರಿಗಳು ಗಂಟಲು ಸರಿಮಾಡಿಕೊಂಡರು.

"ಒಬ್ಬರು ಮೇಷ್ಟ್ರು ಇದಾರೆ. ತುಂಬ ಒಳ್ಳೆಯವರು," ಅಂದಳು ಅಮ್ಮ.

"ಊಟ ತಿಂಡಿ?"

"ಹೊತ್ತು ಹೊತ್ತಿಗೆ. ಕೋಣೆ, ಫ್ಯಾನು, ಮಾತ್ರೆ. ಏನೂ ಕಡಿಮೆ ಮಾಡಿಲ್ಲ, ಪಾಪ."

"ಮತ್ತೆ ಇಲ್ಲಿಗೆ ಯಾಕಮ್ಮ?"

"ಇಲ್ಲಿ ಜಗಳ ಆಡೋಕೆ ಜನ ಇದಾರೆ ಅಯ್ಯನವರೇ. ನಿನ್ನೆ ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದಿದ್ದೆ, ಇಸ್ಪೀಟಲ್ಲಿ ಮೋಸ ಮಾಡಿದೆ ಅಂತ ನನ್ನ ತುರುಬಿಗೆ ಕೈ ಹಾಕೋಕೆ ಬಂದ್ರು. ನನ್ನ ಮೇಲೆ ಯಾರಾದ್ರೂ ಸಿಟ್ಟಾಗಿ ಎಷ್ಟು ಕಾಲ ಆಗಿತ್ತು ಗೊತ್ತಾ!"

"ನೀವು ಮೋಸ ಮಾಡಿರಲಿಲ್ಲ ತಾನೆ?"

"ಮಾಡಿದ್ದೆ."

ದರ್ಜಿ ಅಕ್ಕ ಕಿಸೆಯ ಗುಟ್ಟು ತಿಳಿದವಳಂತೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು.

ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಎದುರಾದಾಗ ಅವನು "ಆಯ್ತಾ?" ಅಂದಿದ್ದ. ಅಮ್ಮ "ಆಯ್ತು" ಅಂದಿದ್ದಳು. ಏನು ಆಯಿತು ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ತನ್ನ ಮನೆಯಲ್ಲಿ ಯಾರೂ ದನಿ ಎತ್ತುವುದಿಲ್ಲ ಎಂದು ಅವನು ಗೆಳೆಯರ ಮುಂದೆ ಕೊಚ್ಚಿಕೊಳ್ಳುವುದಿತ್ತು.

"ಈ ತಾಯಿಗೆ ತನ್ನವರು ಅಂತ ಯಾರಾದರೂ ಇದ್ದರೆ ಎದ್ದು ನಿಲ್ಲಿ."

ಎದ್ದರೆ ಅಮ್ಮ ಮತ್ತೆ ಆ ಕೋಣೆಗೆ, ಆ ಫ್ಯಾನಿನ ಕೆಳಗೆ. ಏಳದಿದ್ದರೆ, ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯಿಲ್ಲದವನಿಗಿಂತ ಕಡೆ ಎಂದು ಅದೇ ಪೌಲ ಅದೇ ಅಧ್ಯಾಯದಲ್ಲಿ ಹೇಳಿಟ್ಟಿದ್ದಾನೆ. ನಾಳೆ ತರಗತಿಯಲ್ಲಿ ಅದನ್ನೇ ಪಾಠ ಮಾಡಬೇಕು.

ಎರಡನೆಯ ಸಲ ಕೂಗಿದಾಗ ಅಮ್ಮ ಅವನತ್ತ ನೋಡಿದಳು. ಅವನು ಚಿಕ್ಕವನಿದ್ದಾಗ ಪ್ರಾರ್ಥನೆಯ ನಡುವೆ ಮಿಸುಕಾಡಿದರೆ ನೋಡುತ್ತಿದ್ದಳಲ್ಲ, ಹಾಗೆ. ತೆಪ್ಪಗೆ ಕೂತ್ಕೋ. ಅವನಿಗೆ ಇದ್ದಕ್ಕಿದ್ದ ಹಾಗೆ ಅಮ್ಮ ಬೇಕು ಅನ್ನಿಸಿತು. ಅಳು ಬಂತು. ಸಮಿತಿಯ ಸದಸ್ಯರು ಅಳಬಾರದೆಂದು ಎಲ್ಲೂ ಬರೆದಿರಲಿಲ್ಲ, ಆದರೂ ನುಂಗಿಕೊಂಡ.

ಮೂರನೆಯ ಸಲ ಅವನು ಎದ್ದು ನಿಂತ.

ಅಮ್ಮನ ಮುಖ ಸಪ್ಪಗಾಯಿತು. ಅದನ್ನು ಅವನು ಕಣ್ಣಾರೆ ಕಂಡ.

"ಹೇಳಿ ಮೇಷ್ಟ್ರೇ," ಅಂದರು ಪಾದ್ರಿಗಳು.

"ಅದು... ಕಿಟಕಿ. ಗಾಳಿ ಜಾಸ್ತಿ ಬರ್ತಿದೆ."

ಎದ್ದ ಮೇಲೆ ಹೋಗಲೇಬೇಕಲ್ಲ, ಹೋದ. ಹೊರಗೆ ಎಲೆಯೂ ಅಲ್ಲಾಡುತ್ತಿರಲಿಲ್ಲ.

"ಇದು ಎದ್ದ ಹಾಗೋ, ಏಳದ ಹಾಗೋ?" ಹಿಂದಿನಿಂದ ಔಷಧಿ ಅಂಗಡಿಯವರು ಪಿಸುಗುಟ್ಟಿದರು.

"ನಿಯಮ ಮಾಡಿದವರನ್ನೇ ಕೇಳ್ಬೇಕು," ಅಂದರು ಪಾದ್ರಿಗಳು.

ಅಂಗಳದಲ್ಲಿ ಖಾಲಿ ಮಂಚವೊಂದನ್ನು ಬಿಸಿಲಿಗೆ ಎಳೆದು ಹಾಕಿದ್ದರು. ಕಣ್ಣು ಮಂಜಾದ ಅಜ್ಜಿಯೊಬ್ಬಳು ಕೋಲು ಹಿಡಿದು ಅದರ ಹಾಸಿಗೆಯ ಧೂಳು ಕೊಡವುತ್ತಿದ್ದಳು. ಕಿಟಕಿಯಲ್ಲಿ ಯಾರೋ ನಿಂತಿದ್ದನ್ನು ಕಂಡು ಹತ್ತಿರ ಬಂದು ಹುಬ್ಬಿಗೆ ಕೈ ಅಡ್ಡ ಹಿಡಿದಳು.

"ಯಾರಪ್ಪ ನೀನು? ಯಾರ ಮಗ?"

ಅವನು ಕಿಟಕಿಯ ಬಾಗಿಲು ಎಳೆದುಕೊಂಡ. ಅದಕ್ಕೆ ಅಗುಳಿ ಇರಲಿಲ್ಲ. ಕೈ ಬಿಟ್ಟರೆ ತೆರೆದುಕೊಳ್ಳುತ್ತಿತ್ತು. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕೋಣೆಗೆ ಬೆನ್ನು ಹಾಕಿ ನಿಂತ. ಆಚೆಯಿಂದ ಅಜ್ಜಿ ಕೋಲಿನ ತುದಿಯಲ್ಲಿ ಹಲಗೆಯನ್ನು ಮೆಲ್ಲಗೆ ತಟ್ಟುತ್ತಲೇ ಇದ್ದಳು.

"ಹೇಳಪ್ಪ. ಯಾರ ಮಗ?"