ಡುವಾರ್ಟೆ ಹಾಕಿದ ಟೈಲ್ಸ್

ಚಿಲಕ ಭದ್ರವಾಗಿದೆಯೇ ಎಂದು ಮತ್ತೊಮ್ಮೆ ಎಳೆದು ನೋಡಿ, ಫಿಲೋಮಿನಾ ಬೆರಳಿನ ಉಂಗುರದಿಂದ ಬಚ್ಚಲ ಗೋಡೆಯ ಟೈಲ್ಸನ್ನು ಕುಟ್ಟಿದಳು. ಟೊಳ್ಳು ಸದ್ದು. ಪಕ್ಕದ್ದನ್ನೂ ಕುಟ್ಟಿದಳು. ಅದೂ ಟೊಳ್ಳೇ. 

ಅಣ್ಣ ಡುವಾರ್ಟೆಯನ್ನು ಮಣ್ಣು ಮಾಡಿ ಆಗಷ್ಟೇ ಎಲ್ಲರೂ ಮನೆಗೆ ಬಂದಿದ್ದರು. ಫಾಲ್ ರಿವರ್ ಪಟ್ಟಣಕ್ಕೆ ವಲಸೆ ಬಂದ ಪೋರ್ಚುಗೀಸರಲ್ಲಿ ಅರ್ಧ ಜನ ಅವನ ಅಡುಗೆಮನೆಯಲ್ಲೇ ಇದ್ದರು. ಇಗರ್ಜಿಯ ಮುದುಕಿಯರು ಬೆಳಿಗ್ಗೆಯಿಂದ ಫಿಲೋಮಿನಾಳ ಕೆನ್ನೆ ಹಿಡಿದು, "ಥೇಟ್ ನಿಮ್ಮಮ್ಮನೇ ಕಣೇ, ಅದೇ ಗಿಡ್ಡ ದೇಹ, ಅದೇ ಮುಖ" ಎಂದು ಅತ್ತಿದ್ದರು. ಅವಳಿಗೆ ಅಳು ಬರಲಿಲ್ಲ. ಬಂದವಳಂತೆ ಕರವಸ್ತ್ರ ಬಾಯಿಗೊತ್ತಿಕೊಂಡು ಇಲ್ಲಿಗೆ ನುಗ್ಗಿದ್ದಳು. ಕೈಚೀಲದಲ್ಲಿ ಬೆಣ್ಣೆ ಸವರುವ ಚಾಕು ಇತ್ತು.

ತೆಳು ಬಾಗಿಲಿನಾಚೆ ದೊಡ್ಡಪ್ಪನ ಮಗ ಜಸಿಂಟೋನ ಗಂಟಲು ಕೇಳಿಸುತ್ತಿತ್ತು.

"ಇವತ್ತು ಅವನ ಪೆಟ್ಟಿಗೆ ಹೊತ್ತವರೆಲ್ಲ ಟೈಲ್ಸ್ ಹಾಕಿಯೇ ಹೊಟ್ಟೆ ಹೊರೆಯೋರು ಕಣ್ರೋ. ಬಾಯಿಬಿಟ್ಟು ಒಂದು ಮಾತು ಕೇಳಿದ್ರೆ ಒಂದು ಶನಿವಾರದಲ್ಲಿ ಮುಗಿಸಿಕೊಡ್ತಿದ್ವಿ. ಈ ಪುಣ್ಯಾತ್ಮ ಬಾಗಿಲು ಹಾಕ್ಕೊಂಡು ಒಬ್ಬನೇ ಒದ್ದಾಡಿದ. ಆಗಿದ್ದೇನು? ಸೊಟ್ಟ!"

"ಮೇಲಿನ ಸಾಲು ನೋಡಿದ್ದೀಯಾ?" ಎಂದಿತು ಇನ್ನೊಂದು ದನಿ. "ಸೊಂಟದ ಮಟ್ಟಕ್ಕೂ ಅಲ್ಲ, ಸೂರಿನ ತನಕಾನೂ ಅಲ್ಲ. ಎಲ್ಲೋ ಮಧ್ಯದಲ್ಲಿ ಸುಸ್ತಾಗಿ ಕೈಬಿಟ್ಟ ಅನ್ಸುತ್ತೆ."

"ಇವತ್ತೊಂದು ದಿನ ಬಾಯಿ ಮುಚ್ಕೊಂಡಿರ್ರೋ," ಎಂದಳು ಯಾರೋ ಹೆಂಗಸು. ಹಾಗೆಂದವಳೂ ನಕ್ಕಳು.

ನಗಲಿ. ಜೀವಮಾನವೆಲ್ಲ ಪರದೆ ಬಟ್ಟೆಯ ಗಿರಣಿಯಲ್ಲಿ ದುಡಿದವನು, ಒಂದು ಮೊಳೆ ಹೊಡೆಯಲೂ ಜಸಿಂಟೋನನ್ನು ಕೂಗುತ್ತಿದ್ದವನು, ಈ ಒಂದು ಗೋಡೆಗೆ ಮಾತ್ರ ಯಾರನ್ನೂ ಹತ್ತಿರ ಸೇರಿಸಲಿಲ್ಲ. ಯಾಕೆ? ಅವರ್ಯಾರಿಗೂ ಹೊಳೆಯದ ಕಾರಣ ಫಿಲೋಮಿನಾಳಿಗೆ ಎಂದೋ ಹೊಳೆದಿತ್ತು.

*

ಅಮ್ಮ ಇದೇ ಮನೆಯಲ್ಲಿದ್ದ ಕೊನೆಯ ವರ್ಷ. ಭಾನುವಾರ ಪೂಜೆ ಮುಗಿಸಿ ಫಿಲೋಮಿನಾ ನೋಡಲು ಬರುತ್ತಿದ್ದಳು. ಅಮ್ಮ ಕಿಟಕಿಯ ಬಳಿ ಕುರ್ಚಿಯಲ್ಲಿ, ತಲೆ ಬಾಚಿಸಿಕೊಂಡು, ಲ್ಯಾವೆಂಡರ್ ಸೋಪಿನ ಪರಿಮಳ ಸೂಸುತ್ತಾ ಕೂತಿರುತ್ತಿದ್ದಳು.

ಒಂದು ಭಾನುವಾರ ಡುವಾರ್ಟೆ ಬಚ್ಚಲಿನಿಂದ ಹೊರಬಂದಾಗ ಹುಬ್ಬಿನ ಮೇಲೆಲ್ಲ ಬಿಳಿ ಧೂಳು ಕೂತಿತ್ತು. ಬಂದವನೇ ಬಾಗಿಲೆಳೆದು ಬೆನ್ನು ಕೊಟ್ಟು ನಿಂತ.

"ಒಳಗೇನು ನಡೀತಿದೆ?"

"ಟೈಲ್ಸ್ ಹಾಕ್ತಿದೀನಿ."

"ನೀನಾ? ಜಸಿಂಟೋಗೇನಾಯ್ತು?"

"ಬೇಡ ಅವನು. ನಾನೇ ಮಾಡ್ಕೋತೀನಿ."

"ಎಲ್ಲಿ, ಸ್ವಲ್ಪ ಸರಿ, ನೋಡೋಣ."

"ಇನ್ನೂ ಒದ್ದೆ ಇದೆ. ಕೆಳಗಿನ ಮನೆ ಬಚ್ಚಲಿಗೆ ಹೋಗು," ಎಂದ. ನಿಂತಲ್ಲಿಂದ ಕದಲಲಿಲ್ಲ.

ಹೊರಡುವಾಗ ಅಮ್ಮ ಅವಳ ಕೊರಳು ಬಗ್ಗಿಸಿ ಕಿವಿಯಲ್ಲಿ ಪಿಸುಗುಟ್ಟಿದಳು. "ನನ್ನ ಚಿನ್ನದ ಓಲೆ ಕದ್ದಿದಾನೆ. ಪಾರಿವಾಳದ ಓಲೆ. ನಿಂಗೇ ಅಂತ ಇಟ್ಟಿದ್ದೆ ಮಗಳೇ. ಗೋಡೆ ಒಳಗೆ ಹಾಕ್ತಿದಾನೆ."

ಮೆಟ್ಟಿಲಿಳಿಯುತ್ತಲೇ ಅವಳು ಬೀಳ್ಕೊಡಲು ಬಂದ ಅಣ್ಣನನ್ನು ಓಲೆಯ ಬಗ್ಗೆ ಕೇಳಿದಳು. ಅವನು ನೆಲ ನೋಡಿದ. "ಆ ಓಲೆ ಅಪ್ಪ ಅಲ್ಲಿ, ನಮ್ಮ ಹಳೇ ದ್ವೀಪದಲ್ಲೇ ಮಾರಿದ್ದ, ಇಲ್ಲಿಗೆ ಬರೋ ಹಡಗಿನ ಖರ್ಚಿಗೆ. ನೀನಿನ್ನೂ ಹುಟ್ಟಿರಲಿಲ್ಲ."

ಎಷ್ಟು ಅನುಕೂಲದ ಉತ್ತರ ಎಂದುಕೊಂಡಳು ಫಿಲೋಮಿನಾ. ಅಂದಿನಿಂದ ಈ ಮನೆಯ ಕಾಫಿ ಅವಳಿಗೆ ಕಹಿಯಾಯಿತು. ಅಮ್ಮ ತೀರಿಹೋದ ಮೇಲೆ ಕ್ರಿಸ್‌ಮಸ್‌ಗೂ ಮೇಲಿನ ಮಹಡಿಯ ಈ ಮನೆಗೆ ಹತ್ತಿ ಬರಲಿಲ್ಲ. ಅಣ್ಣ ಫೋನ್ ಮಾಡಿದರೆ ಹೂಂ, ಉಹೂಂ ಅಷ್ಟೇ. ಕೊನೆಗೆ ಅವನು ಫೋನ್ ಮಾಡುವುದನ್ನೂ ಬಿಟ್ಟ.

*

ಚಾಕುವಿನ ತುದಿ ಸಂದಿಗೆ ತೂರಿಸಿ ಮೀಟಿದಳು. ಅಷ್ಟೇನೂ ಹಟ ಮಾಡದೆ ಟೈಲು ಕಳಚಿ ಕೈಗೆ ಬಂತು.

ಹಿಂದೆ ಏನೂ ಇರಲಿಲ್ಲ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಗಾರೆಯ ಉಂಡೆಗಳು ಮಾತ್ರ. ಹಲ್ಲುಹಲ್ಲಿನ ಕರಣೆಯಿಂದ ಟೈಲಿನ ಇಡೀ ಬೆನ್ನಿಗೆ ಗಾರೆ ಬಳಿಯಬೇಕೆಂಬುದು ಈ ವಂಶದ ಮಕ್ಕಳಿಗೂ ಗೊತ್ತು. ಡುವಾರ್ಟೆ ಬ್ರೆಡ್ಡಿಗೆ ಜಾಮು ಇಟ್ಟಂತೆ ಬೆರಳಲ್ಲಿ ಇಟ್ಟಿದ್ದ. ಉಂಡೆಗಳಲ್ಲಿ ಅವನ ಬೆರಳುಗಳ ಗುರುತು ಹಾಗೇ ಒಣಗಿತ್ತು. ಟೊಳ್ಳು ಸದ್ದಿನ ಗುಟ್ಟು ಅಷ್ಟೇ.

ಆದರೂ ಅವಳು ಬಿಡಲಿಲ್ಲ. ಇನ್ನೊಂದನ್ನು ಮೀಟಿದಳು. ಅದು ಜಾರಿ ನೆಲಕ್ಕೆ ಬಿದ್ದು ಒಡೆಯಿತು.

"ಫಿಲೋಮಿನಾ?" ಅತ್ತಿಗೆ ಒಲಿಂಡಾಳ ದನಿ. "ಬಿದ್ಯಾ? ಬಾಗಿಲು ತೆಗಿ."

ತೆಗೆಯದೆ ವಿಧಿಯಿರಲಿಲ್ಲ. ಒಲಿಂಡಾ ಒಳಬಂದು, ಚಾಕು ನೋಡಿ, ಗೋಡೆ ನೋಡಿ, ಸದ್ದಿಲ್ಲದೆ ಬಾಗಿಲು ಮುಚ್ಚಿದಳು.

"ಏನು ಹುಡುಕ್ತಿದೀಯಾ?"

"ಗೊತ್ತಿಲ್ವಾ ನಿಂಗೆ? ಅಮ್ಮನ ಓಲೆ."

ಒಲಿಂಡಾ ಸ್ನಾನದ ತೊಟ್ಟಿಯ ಅಂಚಿನ ಮೇಲೆ ಕುಸಿದಳು. "ಅತ್ತೆ ಕಿವಿ ನೋಡಿದ್ದೀಯಾ ಯಾವತ್ತಾದ್ರೂ? ತೂತು ಯಾವಾಗಲೋ ಮುಚ್ಚಿಹೋಗಿತ್ತು."

ಪ್ರತಿ ಭಾನುವಾರ ಮುತ್ತಿಡಲು ಬಗ್ಗಿದಾಗ ಕಣ್ಣೆದುರಿಗಿರುತ್ತಿದ್ದ ಆ ಬೋಳು ಕಿವಿ ಫಿಲೋಮಿನಾಳಿಗೆ ಈಗ ಕಾಣಿಸಿತು. ಆದರೂ ನಾಲಿಗೆ ಸೋಲಲಿಲ್ಲ. "ಮತ್ತೆ ಕದ್ದುಮುಚ್ಚಿ ಯಾಕೆ ಹಾಕಿದ ಇದನ್ನ?"

"ತೊಳೆಯೋಕೆ." ಒಲಿಂಡಾ ಗೋಡೆಯಲ್ಲಿ ಟೈಲು ಕಳಚಿದ ಜಾಗ ತೋರಿಸಿದಳು. ಅಲ್ಲಿ ಹಸಿರು ಬಣ್ಣ ತಿಕ್ಕಿ ತಿಕ್ಕಿ ಕಿತ್ತುಹೋಗಿ ಒಳಗಿನ ಸುಣ್ಣ ಕಾಣುತ್ತಿತ್ತು. "ಅತ್ತೆಗೆ ಆಗಲೇ ಅರುಳುಮರುಳು, ಇಲ್ಲಿಗೆ ಬಂದ್ರೆ ತಾನೇನು ಮಾಡ್ತಿದೀನಿ ಅಂತ ಗೊತ್ತಾಗ್ತಿರಲಿಲ್ಲ. ಹೇಸಿಗೆಯೆಲ್ಲ ಕೈಯಲ್ಲಿ ತಗೊಂಡು ಗೋಡೆಗೆ ಬಳೀತಿದ್ರು. ದಿನಾ. ನಾನು ಅವರನ್ನ ತೊಳೀತಿದ್ದೆ, ನಿಮ್ಮಣ್ಣ ಗೋಡೆ ತೊಳೀತಿದ್ದ. ಬಣ್ಣದ ಗೋಡೆ, ಎಲ್ಲಿ ಹೋಗುತ್ತೆ ಕಲೆ? ಜಸಿಂಟೋನ ಕರೆದಿದ್ರೆ ಅವನ ಕಣ್ಣಿಗೆ ಬೀಳ್ತಿತ್ತು. ಸಂಜೆಗೆ ಊರಿಗೆಲ್ಲ."

"ನಂಗಾದ್ರೂ ಹೇಳಬಹುದಿತ್ತಲ್ಲ."

"ನಾನೂ ಅಂದೆ. ವಾರಕ್ಕೊಂದು ದಿನ ಬರ್ತಾಳೆ, ಅವಳ ಪಾಲಿಗಾದ್ರೂ ಅಮ್ಮ ಅಮ್ಮನಾಗಿರಲಿ ಅಂದ. ನೀನು ಕಳ್ಳನನ್ನ ನೋಡೋ ಹಾಗೆ ನೋಡ್ತಿದ್ದೆ. ಅದಕ್ಕೂ ಸುಮ್ಮನಿದ್ದ."

"ಒಲಿಂಡಾ, ಸಕ್ಕರೆ ಎಲ್ಲಿಟ್ಟಿದ್ದೀಯಾ?" ಎಂದು ಹೊರಗಿನಿಂದ ಜಸಿಂಟೋ ಕೂಗಿದ. ಒಲಿಂಡಾ ಕಣ್ಣೊರೆಸಿಕೊಂಡು ಎದ್ದು ಹೋದಳು.

ಫಿಲೋಮಿನಾ ಒಡೆದ ಚೂರುಗಳನ್ನು ಆಯ್ದಳು. ಇಡೀ ಉಳಿದ ಟೈಲನ್ನು ಅದರ ಜಾಗಕ್ಕೆ ಒತ್ತಿ ಹಿಡಿದು ನೋಡಿದಳು. ಕೈಬಿಟ್ಟರೆ ನಿಲ್ಲಲಿಲ್ಲ. ಅದನ್ನು ಎದೆಗವಚಿಕೊಂಡು ತಲೆಯೆತ್ತಿದಾಗ ಎಲ್ಲರೂ ನಗುವ ಆ ಮೇಲಿನ ಸಾಲು ಕಂಡಿತು.

ಗೋಡೆಗೆ ಹತ್ತಿರ ಸರಿದು ನಿಂತಳು. ಅಮ್ಮನದೇ ಅಳತೆಯ ಬಲಗೈಯನ್ನು ಎಟುಕುವಷ್ಟು ಮೇಲೆತ್ತಿ, ಅಂಗೈಯನ್ನು ತಣ್ಣನೆಯ ಗೋಡೆಗೆ ಒತ್ತಿದಳು. ನಡುಬೆರಳಿನ ತುದಿ ಕೊನೆಯ ಸಾಲಿನ ಅಂಚಿಗೆ ಬಂದು ನಿಂತಿತು. ಅದರ ಮೇಲೆ ಬರೀ ಹಸಿರು ಬಣ್ಣವಿತ್ತು, ಒಂದು ಕಲೆಯೂ ಇಲ್ಲದೆ.