ಆರತಿ ಎತ್ತಿಸಿಕೊಂಡ ಫೆರೆಟ್

ನಾನು ಒಂದು ಫೆರೆಟ್, ಪರದೇಶದ ತಳಿಯ ಸಾಕುಪ್ರಾಣಿ. ಮುಂಗುಸಿಯಲ್ಲ, ಬೆಕ್ಕಲ್ಲ, ಇಲಿಯಂತೂ ಅಲ್ಲವೇ ಅಲ್ಲ. ಹುಲಿಯನ್ನು ಹಿಂಡಿ ಹಿಂಡಿ ಒಂದು ಮೊಳಕ್ಕೆ ಇಳಿಸಿದರೆ ನಾನು. ಬೆಂಗಳೂರಿನ ಅಂಗಡಿಯೊಂದರ ಪಂಜರದಲ್ಲಿ ಹುಟ್ಟಿದೆ. ಆ ದಿನ ಪಕ್ಕದ ಗಿಳಿಗಳೆಲ್ಲ ಬೆರಗಾಗಿ ಮಾತು ಮರೆತವು. ಕಾಲೇಜು ಹುಡುಗಿಯೊಬ್ಬಳು ಮೈಸೂರಿಗೆ ತಂದು, ಓದು ಮುಗಿದಾಗ ಕೆಳಮನೆಯ ಟೈಲರ್ ಪುಟ್ಟಗೌರಮ್ಮನ ಮಡಿಲಿಗೆ ಹಾಕಿ ಹೋದಳು.

ಪುಟ್ಟಗೌರಮ್ಮನಿಗೆ ಮಕ್ಕಳಿಲ್ಲ. ನನಗೆ ನನ್ನವರಿಲ್ಲ. ಇಡೀ ಮೈಸೂರಿಗೆ ನಾನೊಬ್ಬಳೇ ಫೆರೆಟ್ ಎಂದು ಜಂಬಪಡುತ್ತಿದ್ದೆ. ಆದರೂ ಆಗಾಗ ಅವಳ ಹೊಲಿಗೆ ಅಂಗಡಿಯ ಕನ್ನಡಿಯ ಹಿಂದೆ ಇಣುಕುತ್ತಿದ್ದೆ, ಅದರೊಳಗೆ ಕಾಣುವವಳು ಸಿಗುತ್ತಾಳೇನೋ ಎಂದು. ಬರೀ ಗೋಡೆ.

ಮೊದಲ ಬೇಸಿಗೆಯಲ್ಲಿ ಬೆದೆಗೆ ಬಂದೆ.

"ನಮ್ಮ ರಾಣಿ ದೊಡ್ಡೋಳಾದ್ಳು ಕಣ್ರೇ!" ಎಂದು ಪುಟ್ಟಗೌರಮ್ಮ ಬೀದಿಗೇ ಸಾರಿದಳು.

"ಗಂಡು ಎಲ್ಲಿಂದ ತರ್ತೀಯೇ ಗೌರಿ? ಮುಂಗ್ಸಿಗೆ ಕೊಡ್ತೀಯಾ?" ಎದುರುಮನೆಯ ಸಾಕಮ್ಮ ನಕ್ಕಳು.

ರೇಷ್ಮೆ ತುಂಡು ಹೊದಿಸಿ ಆರತಿ ಎತ್ತಿದರು. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ಕೊಟ್ಟರು. ನಲವತ್ತು ಉಂಡೆ ನುಂಗಿದೆ. ಸರಿ, ಒಂದನ್ನು ನೆಕ್ಕಿದೆ.

"ತಾನಾಗೇ ಇಳಿಯುತ್ತೆ, ಹೆಣ್ಮಕ್ಳಿಗೆಲ್ಲ ಹಂಗೇ" ಎಂದು ಅವಳು ಕಾದಳು. ಗಂಡು ಸಿಗದಿದ್ದರೆ ನಮ್ಮವರಿಗೆ ಬೆದೆ ಸುಲಭಕ್ಕೆ ಇಳಿಯುವುದಿಲ್ಲ. ವಾರಗಳು ಉರುಳಿದವು. ಕೂದಲು ಉದುರಿತು, ಒಸಡು ಸುಣ್ಣದಂತಾಯಿತು. ಹುಲಿ ನಾನು, ಹಿಂಗಾಲು ಎಳೆಯತೊಡಗಿದೆ.

ಪ್ರಾಣಿಗಳ ಡಾಕ್ಟರ್ ಶಬೀನಾ ನನ್ನನ್ನು ನೋಡಿ ಗದರಿದರು: "ಇದರ ಹೆಣ್ತನದ ಹಾರ್ಮೋನೇ ಮೂಳೆಯೊಳಗಿನ ಮಜ್ಜೆನ ಒಣಗಿಸ್ತಿದೆ ಅಮ್ಮಾ. ರಕ್ತ ಹುಟ್ಟೋದೇ ಅಲ್ಲಿ. ಬೆದೆ ಇಳಿಯೋಕೆ ಇಂಜೆಕ್ಷನ್ ಕೊಡ್ತೀನಿ. ಆದ್ರೆ ಮೊದ್ಲು ರಕ್ತ ಬೇಕು, ಇಲ್ದಿದ್ರೆ ಉಳಿಯಲ್ಲ."

ಪುಟ್ಟಗೌರಮ್ಮ ತೋಳು ಚಾಚಿದಳು. "ನಂದೇ ತಗೊಳ್ಳಿ ಮೇಡಂ. ರಾಗಿ ಮುದ್ದೆ ತಿಂದ ರಕ್ತ, ಗಟ್ಟಿಯಾಗಿದೆ."

"ಅಯ್ಯೋ, ಫೆರೆಟ್ಟಿಗೆ ಫೆರೆಟ್ಟಿಂದೇ ಆಗ್ಬೇಕಮ್ಮ."

"ಆರತಿ ಎತ್ತಿ ಕೊಲ್ತಿದ್ನಲ್ಲಪ್ಪ ನನ್ ಮಗೀನ!" ಎಂದು ಅವಳು ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಡಾಕ್ಟರ್ ಯಾರ್ಯಾರಿಗೋ ಫೋನ್ ಮಾಡಿದರು. ಸಂಜೆಗೆ ಮಂಡ್ಯದಿಂದ ಬುಟ್ಟಿಯಲ್ಲಿ ಗುಂಡನೆಂಬ ಗಂಡು ಫೆರೆಟ್ ಬಂದ. ಆನೆಯಷ್ಟಿದ್ದ! ಅವನ ವಾಸನೆಗೆ ನನ್ನ ಅಮ್ಮನ ಪಂಜರ ನೆನಪಾಯಿತು. ಮತ್ತಿನ ಮದ್ದು ಕೊಟ್ಟು ಅವನನ್ನು ನನ್ನ ಪಕ್ಕ ಮಲಗಿಸಿ, ಅವನ ರಕ್ತ ತೆಗೆದು ನನಗೆ ಏರಿಸಿದರು. ನಾನು ಕಣ್ಣು ಬಿಟ್ಟಾಗ ಅವನ ಬುಟ್ಟಿ ಹೊರಟುಹೋಗಿತ್ತು. ಮುಂದೆ, ಮತ್ತೆಂದೂ ಬೆದೆ ಬರದಂತೆ ಆಪರೇಷನ್ ಆಯಿತು, ಉಳಿದೆ.

ಈಗ ಮುದುಕಿ. ಹೊಲಿಗೆ ಮೆಷಿನ್ನಿನ ಕೆಳಗೆ ಬಟ್ಟೆ ಚೂರುಗಳ ಬುಟ್ಟಿಯೇ ನನ್ನ ಅರಮನೆ. ಗುಂಡನ ರಕ್ತ ಎಂದೋ ಸವೆದಿರುತ್ತದೆ ಎನ್ನುತ್ತಾರೆ ಡಾಕ್ಟರ್. ಅವರಿಗೇನು ಗೊತ್ತು? ಕನ್ನಡಿಯ ಹಿಂದೆ ಈಗ ಇಣುಕುವುದಿಲ್ಲ. ಮೂತಿಯನ್ನು ಎದೆಗೆ ಹುದುಗಿಸಿ, ಸುರುಳಿ ಸುತ್ತಿ ಮಲಗುತ್ತೇನೆ. ಟಕಟಕ, ಟಕಟಕ. ಪುಟ್ಟಗೌರಮ್ಮ ಮೆಷಿನ್ ನಿಲ್ಲಿಸಿ ಎದ್ದು ಹೋದ ಮೇಲೂ ಎದೆಯೊಳಗಿಂದ ಕೇಳುತ್ತಲೇ ಇರುತ್ತದೆ.